ಸಭೆಗೆ ಇಡ್ಲಿ ಸಾಲದು, ಅಪ್ಪಯ್ಯ ಬೇಕು

ಶಾಲೆಯಿಂದ ಮನೆಗೆ ಚೀಟಿ ಬರುತ್ತದೆ. ಅದು ಗುಜರಾತಿಯಲ್ಲಿರುತ್ತದೆ. ನಾವು ಕನ್ನಡದವರು ಏನು ಮಾಡುತ್ತೇವೆ ಹೇಳಿ? ಹಿಂದೆ ಮುಂದೆ ತಿರುಗಿಸಿ ನೋಡುತ್ತೇವೆ. ಸಹಿ ಎಲ್ಲಿ ಹಾಕಬೇಕು ಅಂತ ಮಗುವನ್ನೇ ಕೇಳಿ, ಅಲ್ಲೊಂದು ಗೀಚಿ ಕೊಡುತ್ತೇವೆ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಅದೇ ಬಾಡಿಗೆ ಮನೆಯ ಕರಾರುಪತ್ರವಾದರೆ ಮೂರು ಜನರ ಹತ್ತಿರ ಓದಿಸುತ್ತೇವೆ!

ಸೂರತ್ತಿನ ಉಧನಾದಲ್ಲಿ ಸಣ್ಣ ಹೋಟೆಲ್ ನಡೆಸುವ ವಿಠ್ಠಲ ನಮಗಿಂತ ಒಂದು ಕೈ ಮೇಲು. ಶಾಲೆಯ ಚೀಟಿ ಬಂದರೆ ಅವನು ಕೇಳುವುದು ಒಂದೇ ಪ್ರಶ್ನೆ: "ಎಷ್ಟ್ ಜನ ಬರ್ತಾರಂತೆ?" ಅದು ಗೊತ್ತಾದರೆ ಸಾಕು. ಸಭೆಯ ದಿನ ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಇಡ್ಲಿ, ಹಿಡಿಕೆಯ ತೂಕುಪಾತ್ರೆಯಲ್ಲಿ ಚಟ್ನಿ, ಕ್ಯಾನಿನಲ್ಲಿ ಚಹಾ ತಯಾರು. ತಮ್ಮ ಗಣೇಶ ಲೂನಾದ ಮೇಲಿಟ್ಟುಕೊಂಡು ಹೋಗಿ ಶಾಲೆಗೆ ಕೊಟ್ಟು ಬರುತ್ತಾನೆ. ವಿಠ್ಠಲನದು ಊರಲ್ಲಿ ಮದುವೆ ಮುಂಜಿಗೆ ಅಡುಗೆ ಮಾಡುವ ಮನೆತನ. ಕರೆದ ಕಡೆ ಕೈಲಾದಷ್ಟು ಬಡಿಸಿದರೆ ಋಣ ತೀರಿತು ಎಂದೇ ಅವನ ನಂಬಿಕೆ. ಆರೇ ತಿಂಗಳಲ್ಲಿ ನಾಲ್ಕು ಚೀಟಿ ಬಂತು, ನಾಲ್ಕು ಸಲ ಇಡ್ಲಿ ಹೋಯಿತು. ಮಗಳು ಕೂರುವ ತರಗತಿಯ ಬಾಗಿಲು ಯಾವ ಕಡೆಗಿದೆ ಎಂದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಮಗಳ ಹೆಸರು ಅಕ್ಷತಾ. ಒಂಬತ್ತು ವರ್ಷ. ಮೂರನೇ ತರಗತಿಯವರೆಗೆ ಬೈಂದೂರಿನ ಹತ್ತಿರ ಅಜ್ಜಿಯ ಮನೆಯಲ್ಲಿದ್ದು ಕನ್ನಡ ಶಾಲೆಯಲ್ಲಿ ಓದಿದವಳು. ಹೋಟೆಲ್ ಸ್ವಲ್ಪ ನೆಲೆ ನಿಂತ ಮೇಲೆ, ತೊಂಬತ್ತೇಳರ ಜೂನಿನಲ್ಲಿ, ಅಪ್ಪ ಅಮ್ಮ ಅವಳನ್ನು ಸೂರತ್ತಿಗೆ ಕರೆಸಿಕೊಂಡರು. ಮನೆಯ ಪಕ್ಕದ ಗುಜರಾತಿ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಸೇರಿಸಿದರು. ನಾಲ್ಕು ವರ್ಷ ಮಗಳನ್ನು ಬಿಟ್ಟಿದ್ದ ತಾಯಿ ಯಶೋದಾಗೆ ಆ ಜೂನ್ ತಿಂಗಳೇ ದೀಪಾವಳಿಯಾಗಿತ್ತು.

ಆದರೆ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಲೆಕ್ಕದಲ್ಲಿ ಐವತ್ತಕ್ಕೆ ಒಂಬತ್ತು ಬಂತು. "ಲೆಕ್ಕದಲ್ಲಿ ತೀರಾ ಹಿಂದೆ" ಎಂದು ಟೀಚರು ಕೆಂಪು ಶಾಯಿಯಲ್ಲಿ ಬರೆದು ಕಳಿಸಿದರು. ಮರುದಿನ ವಿಠ್ಠಲ ತೀರ್ಪು ಕೊಟ್ಟ.

"ವಾರ್ಷಿಕ ಪರೀಕ್ಷೆಲಿ ಫೇಲ್ ಆದ್ರೆ ವಾಪಸ್ ಅಜ್ಜಿ ಮನೆಗೆ ಬಿಟ್ಟು ಬಪ್ಪ. ಅಲ್ಲೇ ಓದ್ಲಿ. ಇಲ್ಲಿ ಇಟ್ಕೊಂಡು ಮಗಿನ ಬದುಕು ಹಾಳು ಮಾಡುದು ಬೇಡ."

ಯಶೋದಾ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. ಗಂಡ ಕೆಟ್ಟವನಲ್ಲ, ಅದು ಅವಳಿಗೆ ಗೊತ್ತು. ಅದಕ್ಕೇ ಹೆಚ್ಚು ಸಂಕಟವಾಯಿತು. ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಡಿಸೆಂಬರಿನಲ್ಲಿ ಐದನೆಯ ಚೀಟಿ ಬಂತು.

ಆ ಹೊತ್ತಿಗೆ ಸರಿಯಾಗಿ ನಾಗವೇಣಿಯಕ್ಕ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದರು. ಅವರು ಧಾರವಾಡದವರು. ವಿಮಾ ಕಚೇರಿಯಲ್ಲಿ ಕೆಲಸ. ವಡೋದರಾದಲ್ಲಿ ಆರು ವರ್ಷ ಇದ್ದು ಸೂರತ್ತಿಗೆ ವರ್ಗವಾಗಿ ಬಂದವರು, ಗುಜರಾತಿ ಚೆನ್ನಾಗಿ ಓದುತ್ತಾರೆ. ವಿಠ್ಠಲ ಆಗಲೇ ಸಹಿ ಹಾಕಿದ್ದ ಚೀಟಿಯನ್ನು ಅವರ ಮುಂದೆ ಚಾಚಿದ.

"ಅಕ್ಕಾ, ಎಷ್ಟ್ ಜನಕ್ಕೆ ಅಂತ ಸ್ವಲ್ಪ ಕಾಣಿ."

ನಾಗವೇಣಿಯಕ್ಕ ಕನ್ನಡಕ ಏರಿಸಿ ಓದಿದರು. ಇನ್ನೊಮ್ಮೆ ಓದಿದರು.

"ಇದ್ರಾಗ ನಾಷ್ಟಾ ಸುದ್ದಿನ ಇಲ್ರೀ ವಿಠ್ಠಲಣ್ಣ. ಓದಿನಾಗ ಹಿಂದ ಬಿದ್ದ ಮಕ್ಕಳಿಗೆ ಸಹಾಯ ಮಾಡಾಕ ಕೇಂದ್ರ ಸರ್ಕಾರದಿಂದ ಶಾಲೀಗೆ ನೆರವು ಬಂದದ. ಅದನ್ನ ಹೆಂಗ ಬಳಸಬೇಕು ಅಂತ ತಂದಿ ತಾಯಿ ಕೂಡಿ ಕುಂತು ಯೋಜನಾ ಮಾಡಬೇಕಂತ. ಶನಿವಾರ ನಾಕು ಗಂಟೇಕ್ಕ ಬರ್ರಿ ಅಂತ ಬರದಾರ. ಕೆಳಗ ನೋಡ್ರಿ, ‘ನನಗೆ ಬರಲಿಕ್ಕೆ ಆಗುವುದಿಲ್ಲ, ಶಾಲೆಯ ಯೋಜನೆಗೆ ಒಪ್ಪಿಗೆ ಇದೆ’ ಅಂತ ಒಂದು ಸಾಲು. ಅಲ್ಲೇ ಸಹಿ ಮಾಡೀರಿ ನೀವು!"

"ಅಲ್ಲಾ ಮಾರಾಯ್ರೆ, ನಾವ್ ಹೋಯಿ ಎಂತ ಮಾಡುದು? ಕಲಿಸುವವ್ರು ಅವ್ರು. ನಾನು ಏಳನೇ ಕ್ಲಾಸು. ಟೀಚರಿಗೆ ನಾನು ಬುದ್ಧಿ ಹೇಳುದಾ?"

"ನಿಮ್ಮ ಸಾಂಬಾರಿನಾಗ ಬೆಲ್ಲ ಯಾಕ ಬಿದ್ದದ?"

ವಿಠ್ಠಲನಿಗೆ ಸ್ವಲ್ಪ ಸಿಟ್ಟು ಬಂತು. ಸಾಂಬಾರಿನ ಸುದ್ದಿಗೆ ಬಂದರೆ ಯಾರಿಗಾದರೂ ಸಿಟ್ಟು ಬರುತ್ತದೆ.

"ಇಲ್ಲಿಯವ್ರಿಗೆ ಸಿಹಿ ಬೇಕು. ಗಿರಾಕಿ ಹೇಳಿದ್ರು, ಹಾಕಿದೆ."

"ಗಿರಾಕಿಗೇನು ಸಾಂಬಾರ್ ಮಾಡಾಕ ಬರ್ತದೇನು? ಬರೂದಿಲ್ಲ. ಆದ್ರ ತನಗ ಏನು ಬೇಕು ಅಂತ ಅವಗ ಗೊತ್ತದ. ಹೌದಿಲ್ಲೋ? ಟೀಚರಿಗೆ ಪಾಠ ಗೊತ್ತದ. ಅಕ್ಷತಾ ನಿಮಗ ಗೊತ್ತು."

ಒಳಗಿಂದ ಯಶೋದಾ ಬಂದು ಬಾಗಿಲಲ್ಲಿ ನಿಂತಿದ್ದಳು. "ನಮ್ಮ ಮಾತು ಅಲ್ಲಿ ಯಾರು ಕೇಳ್ತಾರೆ ಅಕ್ಕಾ? ಪರವೂರಿನವ್ರು ನಾವು."

ನಾಗವೇಣಿಯಕ್ಕ ಕಾಫಿ ಲೋಟ ಕೆಳಗಿಟ್ಟರು. "ನಾನೂ ಹಿಂಗ ಅಂದಾಕಿನ. ವಡೋದರಾದಾಗ ನನ್ನ ಮಗನ ಶಾಲೀಗೂ ಇಂಥದ್ದ ನೆರವು ಬಂದಿತ್ತು. ಚೀಟಿ ಬಂತು. ಆಫೀಸಿಗೆ ಹೊತ್ತಾತು ಅಂತ ಓದಲಾರದ ಸಹಿ ಹಾಕಿ ಕಳಿಸಿದೆ. ಎಲ್ಲಾರೂ ಹಂಗ ಮಾಡಿದ್ರು. ಶಾಲೆಯವರು ಒಂದು ದೊಡ್ಡ ಗಾಜಿನ ಕಪಾಟು ತರಿಸಿ, ಅದರ ತುಂಬ ಪುಸ್ತಕ ಇಟ್ಟು ಕೀಲಿ ಹಾಕಿದ್ರು. ಮಕ್ಕಳಿಗೆ ಅಕ್ಷರ ಕೂಡಿಸಿ ಓದಾಕ ಬರ್ತಿರಲಿಲ್ಲ. ಅವಕ್ಕ ಬೇಕಾಗಿದ್ದು ಬಾಜೂಕ ಕುಂತು ಓದಿಸೋ ಒಬ್ಬ ಮನಶ್ಯಾ! ಸಿಟ್ಟಿನಿಂದ ಕೇಳಾಕ ಹೋದೆ. ನನ್ನ ಸಹಿನ ನನಗ ತೋರಿಸಿದ್ರು. ನಾಚಿಕಿ ಆತು."

ವಿಠ್ಠಲ ಚೀಟಿಯನ್ನು ಮತ್ತೆ ಕೈಗೆತ್ತಿಕೊಂಡ.

"ಹೋದ್ರೂ ಎಂತ ಹೇಳುದು?" ವಿಠ್ಠಲ ಮೆಲ್ಲಗೆ ಕೇಳಿದ.

"ಅದನ್ನ ನನಗ ಯಾಕ ಕೇಳ್ತೀರಿ? ಮಗಳ್ನ ಕೇಳ್ರಿ. ಆಕಿ ಪಾಟಿಚೀಲ ಬಿಚ್ಚಿ ನೋಡ್ರಿ. ಬೈಬ್ಯಾಡ್ರಿ ಮತ್ತ, ಬರೇ ನೋಡ್ರಿ."

ಆ ಸಂಜೆಯೇ ನೋಡಿದರು. ಗಂಡ ಹೆಂಡತಿ ಇಬ್ಬರೂ ನೆಲದ ಮೇಲೆ ಕುಳಿತು ಲೆಕ್ಕದ ಪುಸ್ತಕ ತೆರೆದರು. ಅಕ್ಷತಾ ಗೋಡೆಗೆ ಅಂಟಿಕೊಂಡು ನಿಂತಳು, ಈಗ ಏಟು ಬೀಳುತ್ತದೆ ಎನ್ನುವ ಹಾಗೆ.

ಮೊದಲು ಗಮನಿಸಿದವಳು ಯಶೋದಾ. "ಇವ್ರೇ, ಇಲ್ಲಿ ಕಾಣಿ. ಈ ಪುಟ ಪೂರಾ ಸರಿ ಇತ್ತು. ಮುಂದಿನ ಪುಟ ಪೂರಾ ಖಾಲಿ. ಮತ್ತೆ ಸರಿ, ಮತ್ತೆ ಖಾಲಿ. ಇದೆಂತ?"

"ಸರಿ ಇದ್ದದ್ದು ಬೋರ್ಡಿನ ಲೆಕ್ಕ," ಅಕ್ಷತಾ ಹೇಳಿದಳು. "ಖಾಲಿ ಇದ್ದದ್ದು ಬಾಯಿಲೆಕ್ಕ ಅಪ್ಪಯ್ಯ. ಟೀಚರ್ ಬಾಯಲ್ಲಿ ಹೇಳ್ತಾರೆ, ನಾವು ಬರ್ಕೊಬೇಕು. ಅವ್ರು ಗುಜರಾತಿಲಿ ಹೇಳಿದ್ದನ್ನ ನಾನು ಮನಸ್ಸಲ್ಲಿ ಕನ್ನಡ ಮಾಡ್ಕೊಳ್ಳುವಾಗ ಅವ್ರು ಮುಂದಿನ ಲೆಕ್ಕ ಹೇಳಿ ಆಗಿರ್ತದೆ."

"ಟೀಚರಿಗೆ ಹೇಳ್ಲಿಲ್ಯಾ?" ವಿಠ್ಠಲ ಕೇಳಿದ.

"ಹೇಳುಕೂ ಗುಜರಾತಿ ಬೇಕಲ್ದಾ?"

ವಿಠ್ಠಲ ಎದ್ದು ನಿಂತ. ದಿನಾ ಬೆಳಿಗ್ಗೆ ಇಡ್ಲಿ ತಟ್ಟೆ ಎಣಿಸಿ ಕೊಡುವವಳು ಇದೇ ಅಕ್ಷತಾ. ಎಂಟರಂತೆ ಏಳು ಸಾಲು ಇಟ್ಟರೆ ಕಣ್ಣು ಮಿಟುಕಿಸುವುದರೊಳಗೆ ಐವತ್ತಾರು ಅನ್ನುತ್ತಾಳೆ. ದಿನಾ ಕೇಳುತ್ತಿದ್ದ, ಆದರೆ ಈ ಹುಡುಗಿ ಲೆಕ್ಕದಲ್ಲಿ ಹೇಗೆ ಹಿಂದೆ ಬಿದ್ದಳು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಮಗಳಿಗೆ ಬೇಕಾದದ್ದು ಅಜ್ಜಿಯ ಮನೆಯಲ್ಲ ಎಂದು ಅವನಿಗೆ ಆಗ ಹೊಳೆಯಿತು.

ಶನಿವಾರ ನಾಲ್ಕು ಗಂಟೆ ಎಂದರೆ ಹೋಟೆಲಿನಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತು. ದೋಸೆ ಕಾವಲಿಯನ್ನು ಗಣೇಶನಿಗೆ ಒಪ್ಪಿಸಿ, ವಿಠ್ಠಲ ಯಶೋದಾ ಇಬ್ಬರೂ ಲೆಕ್ಕದ ಪುಸ್ತಕ ಹಿಡಿದು ಹೊರಟರು. ಶಾಲೆಯ ಜವಾನ ಅವರ ಹಿಂದೆ ಮುಂದೆ ನೋಡಿ, "ಡಬ್ಬಾ ಎಲ್ಲಿ?" ಎಂದ. "ಇವತ್ತು ನಾವೇ ಬಂದದ್ದು," ಎಂದಳು ಯಶೋದಾ.

ಮುಖ್ಯೋಪಾಧ್ಯಾಯಿನಿ ಹಂಸಾಬೆನ್ ಯೋಜನೆ ಓದಿ ಹೇಳಿದರು. ಹಿಂದುಳಿದ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ, ಸಂಜೆ ಐದೂವರೆಯಿಂದ ಒಂದು ಗಂಟೆ ಹೆಚ್ಚಿನ ಲೆಕ್ಕ. ಅದಕ್ಕೆ ಒಬ್ಬ ಟೀಚರು, ಅಭ್ಯಾಸ ಪುಸ್ತಕ. ಯಾರಿಗಾದರೂ ಏನಾದರೂ ಹೇಳುವುದಿದೆಯೇ?

ಎಲ್ಲರೂ ಅಕ್ಕಪಕ್ಕದವರ ಮುಖ ನೋಡಿದರು. ವಿಠ್ಠಲ ಪುಸ್ತಕ ತೆರೆಯಲು ಹೋಗಿ ಮತ್ತೆ ಮುಚ್ಚಿದ. ನನ್ನ ಮಗಳಿಗೆ ಲೆಕ್ಕ ಬರುತ್ತದೆ ಎಂದರೆ, ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ನಗುವುದಿಲ್ಲವೇ? ಹಂಸಾಬೆನ್ ಕಾಗದ ಮಡಚತೊಡಗಿದರು. ಯಶೋದಾ ಅವನ ಮೊಣಕೈಗೆ ಒಂದು ತಿವಿದಳು. ವಿಠ್ಠಲ ಎದ್ದೇಬಿಟ್ಟ.

ಅವನ ಗುಜರಾತಿ ಹೋಟೆಲಿನ ಗುಜರಾತಿ. ನಡುವೆ ಹಿಂದಿ, ಅವಸರಕ್ಕೆ ಕನ್ನಡ. ಆದರೂ ಹೇಳಿದ. ಪುಸ್ತಕ ತೆರೆದು ತೋರಿಸಿದ. ಈ ಪುಟ ನೋಡಿ, ಆ ಪುಟ ನೋಡಿ. ಇವಳಿಗೆ ಇನ್ನೂ ನೂರು ಲೆಕ್ಕ ಕೊಟ್ಟರೆ ಏನು ಬಂತು? ಮೊದಲು ಗುಜರಾತಿಯಲ್ಲಿ ಸಂಖ್ಯೆ ಕಲಿಸಿ, ಕೇಳಿ ಮಾತಾಡುವುದು ಕಲಿಸಿ. ಲೆಕ್ಕ ಅವಳೇ ಮಾಡುತ್ತಾಳೆ.

ಹಿಂದಿನ ಬೆಂಚಿನಿಂದ ಮಗ್ಗದ ಕೆಲಸದ ಒಬ್ಬ ಒಡಿಯಾ ತಂದೆ ಎದ್ದ. "ನನ್ನ ಮಗನದೂ ಇದೇ," ಎಂದ. ತೆಲುಗಿನ ಒಬ್ಬ ತಾಯಿ ಕೈಯೆತ್ತಿ, "ಸಂಜೆ ಐದೂವರೆ ಆಗುವುದೇ ಇಲ್ಲ, ನಾನು ಕೆಲಸದಿಂದ ಬರುವವರೆಗೆ ತಮ್ಮನನ್ನು ನೋಡಿಕೊಳ್ಳುವವಳು ನನ್ನ ದೊಡ್ಡ ಮಗಳೇ," ಎಂದಳು. ಆಮೇಲೆ ಮಾತು ನಿಲ್ಲಿಸುವುದೇ ಕಷ್ಟವಾಯಿತು.

ಹಂಸಾಬೆನ್ ಪುಸ್ತಕವನ್ನು ಬಹಳ ಹೊತ್ತು ನೋಡಿದರು. "ಒಂದು ತರಗತಿಯಲ್ಲಿ ಐವತ್ತೆಂಟು ಮಕ್ಕಳು. ಇದು ನಮ್ಮ ಕಣ್ಣಿಗೆ ಬೀಳಲಿಲ್ಲ, ತಪ್ಪಾಯಿತು. ಇಷ್ಟು ದಿನ ನಿಮ್ಮ ಇಡ್ಲಿ ತಿಂದೆವು ವಿಠ್ಠಲಭಾಯಿ, ಮಾತು ಇವತ್ತು ಕೇಳಿದೆವು."

ಅಲ್ಲೇ ಕಾಗದ ತಿದ್ದಿದರು. ತರಗತಿ ಸಂಜೆಯಿಂದ ಬೆಳಿಗ್ಗೆಗೆ ಬಂತು. ಶಾಲೆ ಮಧ್ಯಾಹ್ನ ಹನ್ನೆರಡಕ್ಕೆ, ಹೆಚ್ಚಿನ ಪಾಠ ಹನ್ನೊಂದಕ್ಕೆ. ಮೊದಲ ಆರು ವಾರ ಸಂಖ್ಯೆ, ಮಾತು, ಓದು. ಆಮೇಲೆ ಲೆಕ್ಕ. ಬಾಯಿಲೆಕ್ಕವನ್ನು ಎರಡು ಸಲ ಹೇಳಬೇಕು. ತಿಂಗಳಿಗೊಮ್ಮೆ ತಂದೆ ತಾಯಿ ಬಂದು ಮಕ್ಕಳ ಪುಸ್ತಕ ನೋಡಬೇಕು. ಕನ್ನಡ ಬಲ್ಲ ಒಬ್ಬ ಟೀಚರನ್ನು ಕೊಡಿ ಎಂದೂ ವಿಠ್ಠಲ ಕೇಳಿದ. ಅದು ಸಾಧ್ಯವಿಲ್ಲ ಎಂದರು. ಕೇಳಿದ್ದೆಲ್ಲ ಸಿಗುವುದಿಲ್ಲ. ಕೇಳದಿದ್ದರೆ ಏನೂ ಸಿಗುವುದಿಲ್ಲ.

ಜನವರಿಯೆಲ್ಲ ಅಕ್ಷತಾ ಇಡ್ಲಿ ತಟ್ಟೆಯನ್ನು ಗುಜರಾತಿಯಲ್ಲಿ ಎಣಿಸಿದಳು. ಗಿರಾಕಿಗಳು ತಪ್ಪು ತಿದ್ದಿದರು, ನಕ್ಕರು, ಕಲಿಸಿದರು. ಫೆಬ್ರವರಿಯಲ್ಲಿ ಒಂದು ದಿನ ತರಗತಿಯಲ್ಲಿ ಕೈಯೆತ್ತಿ ಉತ್ತರ ಹೇಳಿದೆ ಎಂದು ಮನೆಗೆ ಓಡಿ ಬಂದಳು. ಏಪ್ರಿಲಿನ ವಾರ್ಷಿಕ ಪರೀಕ್ಷೆಯಲ್ಲಿ ಲೆಕ್ಕಕ್ಕೆ ಐವತ್ತರಲ್ಲಿ ಮೂವತ್ತಮೂರು. ಮೊದಲ ನಂಬರೇನೂ ಅಲ್ಲ. ಆದರೆ ಆ ರಜೆಯಲ್ಲಿ ಅಜ್ಜಿಯನ್ನು ನೋಡಲು ಊರಿಗೆ ಹೊರಟಾಗ ವಿಠ್ಠಲ ರೈಲಿಗೆ ಹೋಗಲು ಮೂರು ಟಿಕೇಟು ತೆಗೆಸಿದ, ಬರಲೂ ಮೂರೇ ತೆಗೆಸಿದ. ಯಶೋದಾ ಆ ಟಿಕೇಟುಗಳನ್ನು ಎರಡು ಸಲ ನೋಡಿ ಸೆರಗಿಗೆ ಗಂಟು ಹಾಕಿಕೊಂಡಳು.

ಅಹಮದಾಬಾದಿನಲ್ಲಿ, ವಡೋದರಾದಲ್ಲಿ, ಸೂರತ್ತಿನಲ್ಲಿ ಇರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮಗುವಿನ ಶಾಲೆಗೂ ಇಂಥ ನೆರವು ಬಂದಿರಬಹುದು. ಬಂದಿದೆಯೇ ಎಂದು ಕೇಳಿ. ಚೀಟಿ ಓದಲು ಬಾರದಿದ್ದರೆ ಓದಿಸಿಕೊಳ್ಳಿ, ಓದಿಸದೆ ಸಹಿ ಹಾಕಬೇಡಿ. ಸಭೆಗೆ ಹೋಗುವ ಮುಂಚೆ ಮಗುವಿನ ಪುಸ್ತಕ ತೆರೆದು ನೋಡಿ, ಏನು ಕಷ್ಟ ಎಂದು ಮಗುವನ್ನೇ ಕೇಳಿ. ಗಂಡ ಹೆಂಡತಿ ಇಬ್ಬರೂ ಹೋಗಿ. ಭಾಷೆ ಹರಕು ಮುರುಕಾದರೂ ಎದ್ದು ನಿಂತು ಹೇಳಿ. ಎರಡು ವರ್ಷದಲ್ಲಿ ವರ್ಗವಾಗುತ್ತದೆ, ನಮಗೇಕೆ ಬೇಕು ಎನ್ನಬೇಡಿ. ಮಗುವಿಗೆ ನಾಲ್ಕನೇ ತರಗತಿ ಬರುವುದು ಒಂದೇ ಸಲ.

ನಿಮ್ಮ ಶಾಲೆಯ ಮುಂದಿನ ಸಭೆ ಯಾವತ್ತು? ಗೊತ್ತಿಲ್ಲದಿದ್ದರೆ ನಾಳೆ ಮಗುವನ್ನು ಬಿಡಲು ಹೋದಾಗ ಕೇಳಿಕೊಂಡೇ ಬನ್ನಿ.