ನೆಲದ ಮೇಲಿಟ್ಟ ಸೊಪ್ಪಿನ ಹೊರೆ

ಹಸಿ ಗೋಣಿಯ ವಾಸನೆ, ಈ ಸಭಾಂಗಣದೊಳಗೆ ಎಲ್ಲಿಂದ ಬಂತು ಇದು — ಓ, ಹೂವಿನವನು ಹಾರಗಳನ್ನು ನೆನೆದ ಗೋಣಿಯಲ್ಲಿ ಸುತ್ತಿ ತಂದು ವೇದಿಕೆಯ ಮೆಟ್ಟಿಲ ಪಕ್ಕ ಇಟ್ಟಿದ್ದಾನೆ, ನೀರು ಸೋರಿ ಜಮಖಾನದ ಅಂಚು ಒದ್ದೆಯಾಗುತ್ತಿದೆ, ಅಪ್ಪನೂ ಹೀಗೇ ಸುತ್ತುತ್ತಿದ್ದ, ಹೆಬ್ಬೂರಿನ ತೋಟದಲ್ಲಿ ಬೆಳಗಿನ ತಂಪಿಗೇ ಹಿಪ್ಪುನೇರಳೆ ಸೊಪ್ಪು ಕೊಯ್ದು, ಗೋಣಿ ನೆನೆಸಿ ಹೊರೆ ಕಟ್ಟಿ, ತುಮಕೂರಿನ ಮೊದಲ ಬಸ್ಸಿಗೆ ಹಾಕಿಕೊಂಡು ತಾನೇ ಬರುತ್ತಿದ್ದ, ಮಗಳ ಹುಳುಗಳು ಬಾಡಿದ ಸೊಪ್ಪು ತಿನ್ನಬಾರದು ಅಂತ — ಪ್ರೊಫೆಸರ್ ವೆಂಕಟೇಶಯ್ಯನವರು ಮೈಕಿನ ಮುಂದೆ ಓದುತ್ತಿದ್ದಾರೆ, ನಮ್ಮ ಜೀವವಿಜ್ಞಾನ ನಿಕಾಯದ ಈಚಿನ ಸಾಧನೆಗಳು, ಹೊರಬಂದ ಪ್ರಬಂಧಗಳು, ಹೊಸ ಉಪಕರಣಗಳು, ಎಲ್ಲಕ್ಕಿಂತ ಮಿಗಿಲಾಗಿ ನಮ್ಮ ಬಯಲುಸೀಮೆಯ ಬಿಸಿಲು ತಡೆಯುವ ರೇಷ್ಮೆ ತಳಿ, ಕೊನೆಯ ಬೆಳೆಯಲ್ಲಿ ಒಂದೇ ಒಂದು ಹುಳುವೂ ರೋಗಕ್ಕೆ ಬೀಳಲಿಲ್ಲ, ಅದನ್ನು ಸಾಧಿಸಿದವರು ನಮ್ಮ ವಿಭಾಗದ ವನಜಾಕ್ಷಿ — ಅದು ನಾನು, ನಗಬೇಕು, ನಗುತ್ತಿದ್ದೇನೆ. ಅವ್ವ ಎಲ್ಲಿ, ಹಿಂದೆ, ಬಾಗಿಲ ಹತ್ತಿರ ಕೊನೆಯ ಸಾಲಿನಲ್ಲಿ, ಶೃತಿ ಪಾಪ ಮುಂದಿನ ಸಾಲಿನಲ್ಲೇ ಕುರ್ಚಿ ಹಿಡಿದಿಟ್ಟಿದ್ದಳು, ನನ್ನ ಜೊತೆ ಅದೇ ಲ್ಯಾಬಿನಲ್ಲಿ ಹೆಣಗಿದವಳು, ಬನ್ನಿ ಆಂಟಿ ಅಂತ ಕೈ ಹಿಡಿದು ಎಳೆದಳು, ಇರ್ಲಿ ಬುಡವ್ವ, ಒಳ್ಳೆ ಕೆಲ್ಸದಲ್ಲಿ ನಾನ್ಯಾಕೆ ಮುಂದೆ, ಅಂದಳು ಅವ್ವ. ಬೊಟ್ಟಿಲ್ಲದ ಹಣೆಯವಳು ಮುಂದೆ ಕೂತರೆ ಮಗಳ ತಳಿಗೆ ಏನಾದರೂ ಆದೀತು ಅನ್ನುವ ಭಯ ಇನ್ನೂ ಹೋಗಿಲ್ಲ ಇವಳಿಗೆ.

ಆ ಭಯದಲ್ಲೇ ಅಲ್ಲವೇ ಎಲ್ಲವೂ ಆಗಿದ್ದು. ನಮ್ಮ ಕಡೆ ಹುಳುಮನೆಗೆ ಸ್ನಾನ ಮಾಡದವರು ಹೋಗುವಂತಿಲ್ಲ, ಒಗ್ಗರಣೆಯ ಘಾಟು ಆಗದು, ಸಾವಾದ ಮನೆಯವರು ಹೊಸ್ತಿಲು ತುಳಿದರಂತೂ ಮುಗಿಯಿತು, ಹುಳು ಉಬ್ಬಿ, ಹಳದಿಗೆ ತಿರುಗಿ, ಮೈಯೊಡೆದು ಹಾಲು ಸುರಿಸಿ ಸಾಯುತ್ತವೆ ಅಂತ ನಂಬಿಕೆ — ಅದು ಹಾಲುತೊಂಡೆ ರೋಗ ಕಣವ್ವ, ವೈರಸ್ಸಿಂದ ಬರೋದು, ವೈರಸ್ಸಿಗೆ ನಿನ್ನ ಸೂತಕ ಎಲ್ಲಿ ಗೊತ್ತಾಗುತ್ತೆ ಅಂತ ನಾನು ನಗುತ್ತಿದ್ದೆ, ಅಪ್ಪನೂ ನನ್ನ ಜೊತೆ ಸೇರಿ ನಗುತ್ತಿದ್ದ, ಅವ್ವ ಮಾತ್ರ ನಗುತ್ತಿರಲಿಲ್ಲ. ಹಾಗಿರುವಾಗ ನನ್ನ ಮೊದಲ ಬೆಳೆಯ ಹೊತ್ತಿಗೇ ಚೇಳೂರಿನ ಸೋದರತ್ತೆ ತೀರಿಕೊಂಡಳು, ನಾನು ಮಣ್ಣಿಗೆ ಹೋಗಿ ಬಂದು, ತಲೆಗೆ ನೀರು ಹಾಕಿಕೊಂಡು ಹುಳುಗಳ ಮುಂದೆ ನಿಂತೆ, ವಾರ ಕಳೆಯುವುದರೊಳಗೆ ತಟ್ಟೆ ತಟ್ಟೆಯೇ ಹಾಲುತೊಂಡೆಗೆ ಹೋಯಿತು, ಮಳೆ ಹಿಡಿದಿತ್ತು, ಸೊಪ್ಪು ಒದ್ದೆ ಇತ್ತು, ಹುಳುಮನೆಯಲ್ಲಿ ಗಾಳಿ ಆಡುತ್ತಿರಲಿಲ್ಲ, ಕಾರಣ ನನಗೆ ಗೊತ್ತಿತ್ತು, ಬರೆದೂ ಇಟ್ಟೆ, ಆದರೆ ಅವ್ವನಿಗೆ ಗೊತ್ತಿದ್ದ ಕಾರಣವೇ ಬೇರೆ. ಇನ್ನೊಂದು ಬೆಳೆ ಹಾಳಾದರೆ ನನ್ನ ಸಂಶೋಧನೆ ಮುಗಿದ ಹಾಗೆ ಅಂತ ನಾನೇ ಅವಳೆದುರು ಅತ್ತಿದ್ದೆ, ಅವಳು ಸೆರಗಿನಲ್ಲಿ ನನ್ನ ಮುಖ ಒರೆಸಿದ್ದಳು.

ಕೊನೆಯ ಬೆಳೆ, ಎರಡು ಸಾವಿರದ ಆರರ ಬೇಸಿಗೆ, ಹುಳುಗಳು ಬೆರಳು ಗಾತ್ರಕ್ಕೆ ಬಂದು ಹಗಲೂ ರಾತ್ರಿ ಮೇಯುತ್ತಿದ್ದ ಕಾಲ, ನಾನು ಹುಳುಮನೆ ಬಿಟ್ಟು ಅಲ್ಲಾಡುವಂತಿರಲಿಲ್ಲ, ಆಗ ಒಂದು ಬೆಳಗ್ಗೆ ಅಪ್ಪನ ಬದಲು ಅಣ್ಣ ಕನಕರಾಜು ಸೊಪ್ಪು ತಂದ. ಹುಳುಮನೆಯ ಗೇಟಿನಾಚೆಯೇ ನಿಂತ, ತಲೆಗೆ ಟವೆಲ್ಲು, ಮುಖದಲ್ಲಿ ಮೀಸೆ ಇಲ್ಲ, ಏನಣ್ಣ ಇದು ಸಿನಿಮಾ ಸೇರ್ಕೊಂಡ್ಯಾ ಅಂತ ರೇಗಿಸಿದೆ, ಹರಕೆ ಇತ್ತು ಕಣೇ, ಸೀಬಿ ದೇವಸ್ಥಾನಕ್ಕೆ ಹೋಗಿ ಮುಡಿ ಕೊಟ್ಟೆ, ಅಂದ. ಒಳಗೆ ಬಾ, ಹುಳ ಹೆಂಗವೆ ನೋಡು, ಅಂದೆ. ಬ್ಯಾಡ ಬುಡು, ಬಸ್ಸಲ್ಲಿ ಬಂದಿವ್ನಿ, ಮೈಲಿಗೆ. ನಾನು ಹೊರೆ ಇಸಿದುಕೊಳ್ಳಲು ಕೈ ಚಾಚಿದೆ, ಅವನು ಕೊಡಲಿಲ್ಲ, ಬಗ್ಗಿ ಹೊರೆಯನ್ನು ನೆಲದ ಮೇಲಿಟ್ಟ, ಹಿಂದೆ ಸರಿದು ನಿಂತ, ಈಗ ತಗೋ ಅಂದ. ಮಾರನೇ ದಿನವೂ ಹಾಗೇ, ಅದರ ಮಾರನೇ ದಿನವೂ, ಬಗ್ಗುವುದು, ಇಡುವುದು, ಹಿಂದೆ ಸರಿಯುವುದು — ಹೊರೆಯ ಕಟ್ಟೂ ಬೇರೆ ಥರ ಇತ್ತು, ಅಪ್ಪನ ಕೈಯ ಕಟ್ಟಲ್ಲ, ಪಕ್ಕದ ಮನೆ ಕದರಮ್ಮ ಕೊಯ್ದು ಕಟ್ಟಿದ್ದು ಅಂತ ಆಮೇಲೆ ಗೊತ್ತಾಯಿತು, ಸೂತಕದ ಮನೆಯವರು ಸೊಪ್ಪು ಮುಟ್ಟಬಾರದಲ್ಲ, ಹೊತ್ತು ತರುವ ತಲೆ ಮಾತ್ರ ಸೂತಕದ್ದಾದರೂ ಪರವಾಗಿಲ್ಲ, ಅವ್ವನ ಶಾಸ್ತ್ರಕ್ಕೆ ಅವ್ವನದೇ ಕಾನೂನು. ರಸ್ತೆಯ ಬೂತಿನಿಂದ ಫೋನು ಮಾಡಿದೆ, ಅಪ್ಪ ಯಾಕೆ ಬರ್ತಿಲ್ಲ, ತೋಟದಲ್ಲವ್ರೆ ಕಣೇ, ಅಂದಳು ಅವ್ವ, ಧ್ವನಿ ಗಟ್ಟಿಯಾಗೇ ಇತ್ತು. ತೋಟದಲ್ಲೇ ಇದ್ದ, ಹಿಪ್ಪುನೇರಳೆ ಸಾಲಿನ ಪಕ್ಕ, ಮಣ್ಣಿನ ಕೆಳಗೆ. ಅದೇ ತೋಟದ ಸೊಪ್ಪನ್ನು ನಾನು ಹಗಲೂ ರಾತ್ರಿ ಹುಳುಗಳಿಗೆ ಹಾಕುತ್ತಿದ್ದೆ.

ಗೂಡುಗಳನ್ನು ಬಿಡಿಸಿ, ತೂಗಿ, ಅಪ್ಪನಿಗೆ ತೋರಿಸಲು ಒಳ್ಳೆಯದು ಆರಿಸಿ ಕವರಿಗೆ ಹಾಕಿಕೊಂಡು ಊರಿಗೆ ಹೋದೆ, ಜಗಲಿಯ ಮೇಲೆ ಅವ್ವ, ಹಣೆಯಲ್ಲಿ ಏನೂ ಇಲ್ಲ, ತಿಥಿಯೂ ಮುಗಿದಿತ್ತು. ನಿನ್ನ ಹುಳ ಗೂಡು ಕಟ್ಲಿ ಅಂತ ಹೇಳ್ಲಿಲ್ಲ ಕಣೇ, ನಿಮ್ಮಪ್ಪ ನಿಂತಂಗೇ ಹೋದ್ರು, ನೀನು ಬಂದಿದ್ರೂ ಜೀವ ಇರೋ ಮುಖ ಸಿಕ್ತಿರ್ಲಿಲ್ಲ. ಮೂರು ವರ್ಷ ಆ ಮಾತನ್ನೇ ಹಿಡಿದುಕೊಂಡು ಬದುಕಿದೆ, ಬಂದಿದ್ದರೂ ಸಿಗುತ್ತಿರಲಿಲ್ಲ, ಬಂದಿದ್ದರೂ ಸಿಗುತ್ತಿರಲಿಲ್ಲ, ಅವಳ ಮೇಲಿನ ಸಿಟ್ಟು ಅದರಿಂದಲೇ ಒಂದಿಷ್ಟು ತಣ್ಣಗಿತ್ತು — ಇವತ್ತು ಬೆಳಗ್ಗೆ ಬಸ್‌ಸ್ಟ್ಯಾಂಡಿನಿಂದ ಬರುವಾಗ ಆಟೋದಲ್ಲಿ ಅಣ್ಣ ಬಾಯಿಬಿಟ್ಟ, ಅವ್ವ ಮುಂದಿನ ಆಟೋದಲ್ಲಿ ಶೃತಿಯ ಜೊತೆ ಇದ್ದಳು, ಹೊಟ್ಟೇಲಿ ಇಟ್ಕಂಡು ಸಾಕಾಯ್ತು ಕಣೇ, ಅಪ್ಪ ನಿಂತಂಗೆ ಹೋಗ್ಲಿಲ್ಲ, ಕುಣಿಗಲ್ ಆಸ್ಪತ್ರೇಲಿ ಒಂದು ಹಗಲು ಇದ್ದ. ಮಾತಾಡ್ತಿದ್ನಾ ಅಂದೆ. ಆಡ್ತಿದ್ದ. ವನಜಿ ಬಂದ್ಲಾ ಅಂದ, ಬತ್ತಾವ್ಳೆ ಅಂದ್ಲು ಅವ್ವ. ನಾನು ಫೋನ್ ಮಾಡ್ತೀನಿ ಅಂದ್ರೆ ಕೈ ಹಿಡ್ಕಂಡ್ಲು, ಅಪ್ಪ ಬಾಗ್ಲ ಕಡೇನೇ ನೋಡ್ತಿದ್ದ, ಮತ್ತೆ ಕೇಳ್ದ, ಬತ್ತಾವ್ಳೆ ಮಲೀಕಳಿ, ಅಂದ್ಲು. ಕೊನೆಗೆ ಅವ್ನೇ ಕೇಳ್ದ, ಹಂಗಾದ್ರೆ ಹುಳಕ್ಕೆ ಸೊಪ್ಪು ಯಾರಾಕ್ತಾವ್ರೆ ಅಂತ. ಕುಣಿಗಲ್ಲು ಎಷ್ಟು ದೂರ, ಬಸ್ಸು ಹತ್ತಿದ್ದರೆ ಮಧ್ಯಾಹ್ನದೊಳಗೆ ಅಪ್ಪನ ಮಂಚದ ಪಕ್ಕ ಇರುತ್ತಿದ್ದೆ, ಹುಳುಗಳನ್ನು ಶೃತಿ ನೋಡಿಕೊಳ್ಳುತ್ತಿದ್ದಳು, ಏನೂ ಆಗುತ್ತಿರಲಿಲ್ಲ — ಆಗುತ್ತಿರಲಿಲ್ಲ ಅಂತ ಹೇಗೆ ಹೇಳಲಿ, ಹೋಗಿದ್ದರೆ ಏನಾಗುತ್ತಿತ್ತು ಅಂತ ಹೋಲಿಸಿ ನೋಡಲು ಇನ್ನೊಂದು ಬೆಳೆ ಇಲ್ಲ, ಇನ್ನೊಬ್ಬ ಅಪ್ಪ ಇಲ್ಲ, ಅವ್ವನ ಲೆಕ್ಕದಲ್ಲಿ ಅವಳು ಗೆದ್ದಿದ್ದಾಳೆ, ಒಂದು ಹುಳುವೂ ಸಾಯಲಿಲ್ಲ ಅಂತ ಪ್ರೊಫೆಸರೇ ಮೈಕಿನಲ್ಲಿ ಹೇಳುತ್ತಿದ್ದಾರೆ, ಅವಳು ಹಿಂದೆ ಕೂತು ಕೈಮುಗಿಯುತ್ತಿದ್ದಾಳೆ.

ನನ್ನ ಹೆಸರು ಕೂಗಿದರು. ಎದ್ದಿದ್ದೇನೆ, ಶೃತಿ ಬೆನ್ನು ತಟ್ಟಿದಳು, ಮೆಟ್ಟಿಲು, ಒದ್ದೆ ಜಮಖಾನ, ಮತ್ತೆ ಆ ಗೋಣಿಯ ವಾಸನೆ — ಈ ಪ್ರಶಸ್ತಿ ಫಲಕ ತಗೊಂಡರೆ ಅವ್ವ ಮಾಡಿದ್ದು ಸರಿ ಅಂತ ಎಲ್ಲರೆದುರು ಒಪ್ಪಿದ ಹಾಗೆ, ತಗೊಳ್ಳದಿದ್ದರೆ ಅಪ್ಪ ಹೊತ್ತು ತಂದ ಸೊಪ್ಪೆಲ್ಲ ದಂಡ, ಯಾವುದಾದರೇನು, ಅವನಂತೂ ಬಾಗಿಲು ನೋಡುತ್ತಲೇ ಹೋದ, ನನಗೆ ದುಃಖವಾಗುತ್ತಿದೆ, ಸಿಟ್ಟಲ್ಲ, ಸಿಟ್ಟಾಗಿದ್ದರೆ ಸುಲಭವಿತ್ತು. ಕೊನೆಯ ಸಾಲಿನಲ್ಲಿ ಅವ್ವ ಎದ್ದು ನಿಂತಿದ್ದಾಳೆ, ಮಗಳು ಕಾಣಲಿ ಅಂತ ಕತ್ತು ಉದ್ದ ಮಾಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡು, ಅಳುತ್ತಿದ್ದಾಳೆ, ಅವಳಿಗೆ ನಾನೊಬ್ಬಳೇ ಕಾಣುತ್ತಿದ್ದೇನೆ. ಅತಿಥಿಗಳು ಫಲಕ ಚಾಚಿದ್ದಾರೆ, ಫೋಟೋದವನು ಇತ್ತ ನೋಡಿ ಮೇಡಂ ಅನ್ನುತ್ತಿದ್ದಾನೆ, ನನ್ನ ಕೈ ಏಳುತ್ತಿಲ್ಲ, ಪ್ರೊಫೆಸರು ಮೆಲ್ಲಗೆ, ತಗೋಳಮ್ಮ, ಅಂದರು, ತಗೋತೀನಿ ಸಾರ್, ಇವರು ಮೊದಲು ಕೆಳಗಿಡಲಿ, ಇಟ್ಟು ಹಿಂದೆ ಸರಿಯಲಿ, ಹಾಗೆ ತಾನೇ ತಗೊಳ್ಳುವುದು, ನಾನು ಕಾಯುತ್ತಿದ್ದೇನೆ — ಗೇಟು, ನೆಲದ ಮೇಲೆ ಹೊರೆ, ಗೋಣಿಯಿಂದ ಮಣ್ಣಿಗಿಳಿಯುವ ನೀರು, ಆಚೆ ತಲೆಗೆ ಟವೆಲ್ಲು ಕಟ್ಟಿಕೊಂಡು ಅಣ್ಣ, ಈಗ ತಗೋ ಅನ್ನುತ್ತಾನೆ, ಈಗ ತಗೋ