ಓಣಿಗೆಲ್ಲ ಕೇಳುವ ರೇಡಿಯೋ

ಅರಳೆ ವ್ಯಾಪಾರಕ್ಕೆಂದು ಹುಬ್ಬಳ್ಳಿಗೆ ಹೋಗಿದ್ದ ಅಬ್ಬಿಗೇರಿಯ ಗುರುಸಂಗಪ್ಪ ವಾಪಸು ಬರುವಾಗ ಪುಟ್ಟದೊಂದು ರೇಡಿಯೋ ತಂದ. ಮರುದಿನವೇ ಅವನ ಮಾಳಿಗೆಯ ಮೇಲೆ ಎರಡು ಬಿದಿರು ಗಳ ಎದ್ದು ನಿಂತವು, ನಡುವೆ ತಾಮ್ರದ ತಂತಿ. ಊರಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ರೇಡಿಯೋದ ಹಿಂದೆ ಇಟ್ಟಿಗೆಯಂಥ ಬ್ಯಾಟರಿ ಇಟ್ಟು ಸಂಜೆ ಧಾರವಾಡ ಸ್ಟೇಶನ್ ಹಚ್ಚಿದರೆ ಓಣಿಯ ಅರ್ಧ ಜನ ಅವನ ಪಡಸಾಲೆಯಲ್ಲಿ ಸೇರುತ್ತಿದ್ದರು.

ಪಕ್ಕದ ಮನೆ ಅವನ ಅಣ್ಣ ಈಶಪ್ಪನದು. ಆಸ್ತಿ ಪಾಲಾದ ಮೇಲೆ ಅಣ್ಣತಮ್ಮಂದಿರ ನಡುವೆ ಒಂದು ಗೋಡೆ ಎದ್ದಿತ್ತು, ಜಗಳವೇನೂ ಇರಲಿಲ್ಲ. ತಾಯಿ ಮುದುಕವ್ವ ಈಶಪ್ಪನ ಮನೆಯಲ್ಲೇ ಉಳಿದಿದ್ದಳು. ಈಶಪ್ಪನ ಹೆಂಡತಿ ಕಲ್ಲವ್ವ ಹತ್ತು ವರ್ಷದಿಂದ ಅತ್ತೆಯ ತಲೆಗೆ ಎಣ್ಣೆ ಹಚ್ಚಿದವಳು, ಹಲ್ಲಿಲ್ಲದ ಬಾಯಿಗೆ ರೊಟ್ಟಿ ನೆನೆಸಿ ಕೊಟ್ಟವಳು. ಈಗ ಅದೇ ಅತ್ತೆ ಹೊತ್ತು ಮುಳುಗುವುದಕ್ಕೆ ಮೊದಲೇ ಎಲೆಅಡಿಕೆಯ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಕಿರಿಯ ಸೊಸೆ ನೀಲವ್ವನ ಮನೆಗೆ ನಡೆದುಬಿಡುತ್ತಿದ್ದಳು. ಅವಳ ಹಿಂದೆಯೇ ಈಶಪ್ಪ.

ನೀಲವ್ವ ಕೆಟ್ಟವಳಾಗಿದ್ದರೆ ಕಲ್ಲವ್ವನಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

"ಅಕ್ಕಾ, ನೀವೂ ಬರ್ರಿ. ಇವತ್ತ ವಚನ ಹಾಡ್ತಾರಂತ," ಎಂದು ಅವಳು ದಿನವೂ ಬಾಗಿಲಿಗೆ ಬಂದು ಕರೆಯುತ್ತಿದ್ದಳು.

ಕಲ್ಲವ್ವ ಒಮ್ಮೆ ಹೋದಳು. ನೀಲವ್ವ ಹಸಿರು ಬಳೆಯ ಕೈ ಮುಂದೆ ಮಾಡಿ ಎರಡೇ ಬೆರಳಲ್ಲಿ ಗುಂಡಿ ತಿರುಗಿಸಿದಳು. ಕೂತವರೆಲ್ಲ ಆ ಬೆರಳನ್ನೇ ನೋಡುತ್ತಿದ್ದರು. ಕಲ್ಲವ್ವನಿಗೆ ಯಾವ ವಚನ ಹಾಡಿದರೆಂಬುದು ನೆನಪಿಲ್ಲ. ಮನೆಗೆ ಬಂದು ಒಲೆ ಊದುವಾಗ ಕಣ್ಣಲ್ಲಿ ನೀರು ಬಂತು. ಹೊಗೆ ಎಂದುಕೊಂಡಳು.

"ನಮ್ಮನಿಗೂ ಒಂದ ತರೂಣ್ರಿ," ಎಂದಳು ಗಂಡನಿಗೆ.

"ತಮ್ಮನ ಮನ್ಯಾಗ ಐತೆಲ್ಲ."

"ತಮ್ಮನ ಮನ್ಯಾಗ ಒಲಿನೂ ಐತಿ. ನಾಳಿಂದ ಉಣ್ಣಾಕೂ ಅಲ್ಲೇ ಹೋಗ್ರಿ."

ಈಶಪ್ಪ ಮೆತ್ತಗಿನ ಮನುಷ್ಯ. ಆ ವರ್ಷ ಶೇಂಗಾ ಚೆನ್ನಾಗಿ ಬಂದಿತ್ತು, ಎಮ್ಮೆಯ ಬೆಣ್ಣೆ ಮಾರಿ ಕಲ್ಲವ್ವ ಕೂಡಿಟ್ಟದ್ದೂ ಇತ್ತು. ಇನ್ನೂರು ರೂಪಾಯಿ ದಾಟಬಾರದೆಂದು ಹೇಳಿ ಅವನು ಒಪ್ಪಿಕೊಂಡ. ಗಂಡಹೆಂಡತಿ ಬಸ್ಸು ಹತ್ತಿ ಗಜೇಂದ್ರಗಡದ ಬಜಾರಕ್ಕೆ ಹೋದರು.

ಅಲ್ಲಿ ಬಾಷಾಸಾಬನೆಂಬವನು ರೇಡಿಯೋ ಮಾರುವ, ರಿಪೇರಿ ಮಾಡುವ ಅಂಗಡಿ ಇಟ್ಟಿದ್ದ. ಇವರ ರೊಕ್ಕಕ್ಕೆ ನಿಲುಕುವಂಥವು ಎರಡೇ ಇದ್ದವು. ಒಂದು ಹೊಸದು, ಬೆಣ್ಣೆ ಬಣ್ಣದ ಪುಟ್ಟ ಪೆಟ್ಟಿಗೆ, ಥಳಥಳ ಹೊಳೆಯುತ್ತಿತ್ತು. ಹಚ್ಚಿದರೆ ಹಾಡುವವರಿಗೆಲ್ಲ ನೆಗಡಿಯಾದಂತೆ ಕೇಳುತ್ತಿತ್ತು. ಇನ್ನೊಂದು ನರಗುಂದದಿಂದ ವರ್ಗವಾಗಿ ಹೋದ ಸಾಹೇಬರೊಬ್ಬರು ಮಾರಿದ್ದು. ದೊಡ್ಡ ತೇಗದ ಪೆಟ್ಟಿಗೆ, ಒಂದು ಮೂಲೆ ಸೀಳಿತ್ತು, ಮುಂದಿನ ಬಟ್ಟೆ ಮಾಸಿತ್ತು. ಆ ಬಟ್ಟೆಯ ಹಿಂದೆ ರೊಟ್ಟಿಯಷ್ಟು ಅಗಲದ ಸ್ಪೀಕರು.

"ಇದು ಹಳೇದು, ಬ್ಯಾಟ್ರಿ ಭಾಳ ತಿಂತೈತಿ. ಮೊದಲ ಹೇಳೇ ಬಿಡ್ತೇನ್ರಿ," ಎಂದ ಬಾಷಾಸಾಬ. "ಆದ್ರ ಹಿಂತಾ ಸ್ಪೀಕರ್ ಹೊಸಾದು ಬೇಕಂದ್ರ ಇದರ ಎರಡ ಪಟ್ಟು ರೊಕ್ಕ ಹಾಕಬೇಕ್ರಿ."

ದೊಡ್ಡ ಪೆಟ್ಟಿಗೆಯಲ್ಲಿ ಧಾರವಾಡದಿಂದ ಮಧ್ಯಾಹ್ನದ ಸಂಗೀತ ಬರುತ್ತಿತ್ತು. ಈಶಪ್ಪ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿದ.

"ಸಣ್ಣಗ ಇಡ್ರಿ. ಹಾಂ, ಹಂಗ. ತಬಲಾದ ಡಗ್ಗಾ ಕೇಳಿದ್ಯಾ, ಕಲ್ಲವ್ವಾ? ಎದ್ಯಾಗ ಬಡದಂಗ ಆಗತೈತಿ."

ಕಣ್ಣು ತೆರೆದರೆ ಕಲ್ಲವ್ವ ಅಂಗಡಿಯಲ್ಲಿರಲಿಲ್ಲ. ಬಜಾರ ದಾಟಿ ಎದುರಿನ ಬಳೆಗಾರನ ಅಂಗಡಿಯ ಮುಂದೆ ಸೆರಗು ಹೊದ್ದು ನಿಂತು, ಜೋರು ಮಾಡಿರೆಂದು ಕೈ ಸನ್ನೆ ಮಾಡುತ್ತಿದ್ದಳು. ಬಾಷಾಸಾಬ ಗುಂಡಿ ತಿರುಗಿಸಿದ. ಚಕ್ಕಡಿಯ ಎತ್ತುಗಳು ಕಿವಿ ನಿಮಿರಿಸಿದವು. ಕಲ್ಲವ್ವ ಇನ್ನೂ ನಾಲ್ಕು ಅಂಗಡಿ ಹಿಂದೆ ಸರಿದು ಕೇಳಿ, ತೃಪ್ತಿಯಿಂದ ಮರಳಿದಳು.

"ಮನ್ಯಾಗ ಕುಂತು ಕೇಳೂದನ್ನ ಬಜಾರದಾಗ ನಿಂತು ಯಾಕ ನೋಡ್ತಿ?" ಎಂದ ಈಶಪ್ಪ.

"ಇದನ್ನ ಕೊಡ್ರಿ," ಎಂದಳು ಬಾಷಾಸಾಬನಿಗೆ.

ಊರಿಗೆ ತಂದ ದಿನ ಓಣಿಯೆಲ್ಲ ನೋಡಲು ಬಂತು. ಕಲ್ಲವ್ವ ಚಹಾ ಕೊಟ್ಟಳು, ಒಗ್ಗರಣೆ ಹಾಕಿದ ಮಂಡಾಳ ಕೊಟ್ಟಳು, ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದಳು. ಗೋಡೆಯ ಗೂಡಿನಲ್ಲಿದ್ದ ಹಿತ್ತಾಳೆ ತಟ್ಟೆ ಗುಂಯ್‌ಗುಟ್ಟಿತು. ಮುದುಕವ್ವ ಎರಡೂ ಕಿವಿಗೆ ಸೆರಗು ಒತ್ತಿಕೊಂಡಳು. ಆಚೆ ಮನೆಯ ರೇಡಿಯೋ ಸುಮ್ಮನಾಗಿತ್ತು. ಕಲ್ಲವ್ವನಿಗೆ ಬೇಕಾದದ್ದು ಅದೇ.

ಎರಡು ದಿನ ಜನ ಬಂದರು. ಆಮೇಲೆ ಬರಲಿಲ್ಲ. ಚಹಾ ಆರಿಹೋಯಿತು. ಹಾಸಿದ ಜಮಖಾನ ಹಾಗೇ ಇತ್ತು. ನಾಲ್ಕನೆಯ ಸಂಜೆ ಅವಳು ಬಾಗಿಲಿಗೆ ಬಂದು ನೋಡಿದಳು. ನೀಲವ್ವನ ಕಟ್ಟೆಯ ಮೇಲೆ ಓಣಿಯ ಹೆಂಗಸರೆಲ್ಲ ಕಾಲು ಚಾಚಿ ಕೂತಿದ್ದರು. ಕೇಳುತ್ತಿದ್ದುದು ಕಲ್ಲವ್ವನದೇ ರೇಡಿಯೋ. ನಡುವೆ ಮುದುಕವ್ವ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ತುದಿಗೆ ಈಶಪ್ಪ ನೀಲವ್ವ ಕೊಟ್ಟ ಚಹಾ ಕುಡಿಯುತ್ತಿದ್ದ.

"ಒಳಗ ಕುಂತ್ರ ಕಿವಿ ಗುಂಯ್ ಅಂತಾವ್ರೀ ಅಕ್ಕಾರ," ಎಂದಳು ಎದುರುಮನೆಯ ಮಾನವ್ವ, ಯಾವ ಕುಹಕವೂ ಇಲ್ಲದೆ. "ಇಲ್ಲಿಗೆ ಚಲೋ ಕೇಳತೈತಿ ನೋಡ್ರಿ."

"ನಿಮ್ಮದ ಇಷ್ಟ ಚಲೋ ಕೇಳೂಮುಂದ ನಾ ನಮ್ಮದನ್ನ ಹಚ್ಚಿಲ್ರಿ," ಎಂದಳು ನೀಲವ್ವ. "ಬ್ಯಾಟ್ರಿನೂ ಉಳೀತು."

ಕಲ್ಲವ್ವ ಒಳಗೆ ಹೋಗಿ ರೇಡಿಯೋ ಆರಿಸಿದಳು. ತನ್ನ ಎಮ್ಮೆಯ ಬೆಣ್ಣೆಯ ರೊಕ್ಕದಲ್ಲಿ ತಾನೇ ನೀಲವ್ವನ ಕಟ್ಟೆಗೆ ಜನ ಕೂಡಿಸಿದ್ದಳು. ಸ್ವಲ್ಪ ಹೊತ್ತಿಗೆ ಆಚೆಯ ಪುಟ್ಟ ರೇಡಿಯೋ ಹಾಡತೊಡಗಿತು. ಒಬ್ಬರೂ ಎದ್ದು ಹೋಗಲಿಲ್ಲ.

ಮರುದಿನ ಸಂಜೆ ಒಬ್ಬಳೇ ಇದ್ದಾಗ, ಯಾರಿಗೂ ಕೇಳಬಾರದೆಂಬ ಸಿಟ್ಟಿಗೆ, ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ ಪೆಟ್ಟಿಗೆಯ ಮುಂದೆ ಕೂತಳು. ಯಾರೋ ಹೆಂಗಸು ಹಾಡುತ್ತಿದ್ದಳು. ಉಸಿರು ಎಳೆದುಕೊಳ್ಳುವುದೂ ಕೇಳುತ್ತಿತ್ತು. ತಂಬೂರಿ ಕೋಣೆಯಲ್ಲೇ ಇದ್ದಂತಿತ್ತು. ಡಗ್ಗಾದ ಪೆಟ್ಟು ನೆಲದಿಂದ ಮೇಲೆ ಬಂದು ಎದೆಗೆ ಮುಟ್ಟಿತು. ರೇಡಿಯೋ ಬಂದ ಮೇಲೆ ಅವಳು ಒಂದು ಹಾಡನ್ನು ಪೂರಾ ಕೇಳಿದ್ದು ಅದೇ ಮೊದಲು.

ಈಶಪ್ಪ ಯಾಕೋ ಮನೆಗೆ ಬಂದವನು ಹೊಸ್ತಿಲಲ್ಲೇ ನಿಂತ, ಆಮೇಲೆ ಸದ್ದಿಲ್ಲದೆ ಕೂತ. ಮರುದಿನ ಆಚೆಗೆ ಹೋಗಲೇ ಇಲ್ಲ. ಮಗ ಎಲ್ಲಿ ಹೋದನೆಂದು ನೋಡಲು ಬಂದ ಮುದುಕವ್ವನೂ ಕೂತಳು, ಅವಳ ಹಿಂದೆ ಮಾನವ್ವ. ವಾರ ಕಳೆಯುವಷ್ಟರಲ್ಲಿ ಜಮಖಾನ ಸಾಲದಾಯಿತು.

ಕೊನೆಗೆ ನೀಲವ್ವ ಬಂದಳು. ಬಾಗಿಲ ಹತ್ತಿರವೇ ಕೂತು ಕೇಳಿದಳು. ಕೇಳುತ್ತ ಕೇಳುತ್ತ ಅವಳ ಮುಖ ಸಣ್ಣದಾಯಿತು.

"ನಮ್ಮದರಾಗ ಹಿಂಗ ಕೇಳಂಗಿಲ್ಲರಿ ಅಕ್ಕಾ," ಎಂದಳು. "ಡಬ್ಬಿ ಬಡದಂಗ ಕೇಳತೈತಿ."

ಆ ಸಂಜೆ ಕಲ್ಲವ್ವ ಎರಡು ರೊಟ್ಟಿ ಹೆಚ್ಚಿಗೆ ಉಂಡಳು. ನೀಲವ್ವ ತನ್ನದನ್ನು ಕೊಟ್ಟು ದೊಡ್ಡದು ತರಲು ಗಂಡನಿಗೆ ಗಂಟುಬಿದ್ದಳೆಂದೂ, ಗುರುಸಂಗಪ್ಪ ಬೈದನೆಂದೂ ಮಾನವ್ವ ಹೇಳಿದಾಗ, "ಪಾಪ," ಎಂದು ಕಲ್ಲವ್ವ ಹಿಟ್ಟು ನಾದಿದಳು. ಪಾಪ ಎನಿಸಿಯೂ ಇತ್ತು. ಸಂತೋಷವೂ ಆಗಿತ್ತು.

ನೀಲವ್ವ ದಿನವೂ ಬರತೊಡಗಿದಳು. ಕಲ್ಲವ್ವ ಅವಳಿಗೆ ಪೆಟ್ಟಿಗೆಯ ಸಮೀಪವೇ ಜಾಗ ಬಿಡುತ್ತಿದ್ದಳು, ಅಲ್ಲಿ ಕೂತರೆ ಅವಳ ಸಣ್ಣದಾದ ಮುಖ ತನಗೆ ಚೆನ್ನಾಗಿ ಕಾಣುತ್ತಿತ್ತು. ನೀಲವ್ವನಿಗೆ ಒಮ್ಮೆ ಕೇಳಿದ ಧಾಟಿ ಮರೆಯುತ್ತಿರಲಿಲ್ಲ. ಮೊದಲು ತುಟಿಯಲ್ಲೇ ಗುನುಗುತ್ತಿದ್ದವಳು, ಒಂದು ಸಂಜೆ ಭಜನೆಯೊಂದು ಬಂದಾಗ ತನಗೇ ಗೊತ್ತಿಲ್ಲದಂತೆ ದನಿ ಬಿಟ್ಟು ಹಾಡಿದಳು. ತೆಳ್ಳನೆಯ, ಎಲ್ಲೂ ಒಡೆಯದ ದನಿ. ಈಶಪ್ಪ ಕಣ್ಣು ತೆರೆದ. ಹೆಂಗಸರೆಲ್ಲ ರೇಡಿಯೋ ಬಿಟ್ಟು ಅವಳ ಕಡೆ ತಿರುಗಿದರು.

"ಕಲ್ಲವ್ವಾ," ಎಂದಳು ಮುದುಕವ್ವ, "ಪೆಟಗಿ ಇನ್ನೊಂದೀಟು ಸಣ್ಣದ ಮಾಡವಾ. ನೀಲವ್ವ ಹಾಡೂದು ಕೇಳವಲ್ಲದು."

ಕಲ್ಲವ್ವ ಅತ್ತೆಯ ಮುಖ ನೋಡಿದಳು. ಆಮೇಲೆ ಕೈ ಚಾಚಿ, ಪೆಟ್ಟಿಗೆಯ ದನಿ ಸಣ್ಣದಾಗುವಂತೆ ಗುಂಡಿ ತಿರುಗಿಸಿದಳು.