ದುಬೈ ಹತ್ತಿರ, ಗದ್ವಾಲ ದೂರ

ನಮ್ಮ ಅಕ್ಕ ಮೈಲಮ್ಮನಿಗೆ ಕಿಲೋಮೀಟರುಗಳಲ್ಲಿ ನಂಬಿಕೆಯಿಲ್ಲ. ಗಡಿಗೆಯ ಹಾಲಿಗೆ ಹೆಪ್ಪು ಹಾಕಿಕೊಂಡು ಹೊರಟರೆ, ಮೊಸರು ಹುಳಿಯಾಗುವ ಮೊದಲೇ ಮುಟ್ಟುವ ಊರು ಹತ್ತಿರ, ಹುಳಿಯಾದರೆ ದೂರ. ದೂರದ ಊರಿಗೆ ಮಗಳನ್ನು ಕೊಡುವುದಿಲ್ಲವೆಂದು ಬೀರಪ್ಪ ದೇವರ ಮುಂದೆ ಆಣೆ ಬೇರೆ ಮಾಡಿದ್ದಳು.

ಮಗಳು ಮಲ್ಲೇಶ್ವರಿಗೆ ಎರಡು ಸಂಬಂಧ ಬಂದವು. ಒಬ್ಬ ಗದ್ವಾಲದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಮಹೇಂದರ್, ಇನ್ನೊಬ್ಬ ದುಬೈಯಲ್ಲಿ ಕ್ರೇನ್ ಓಡಿಸುವ ಶೇಖರ್. ನಾವಿರುವುದು ಮಕ್ತಲ್‌ನಲ್ಲಿ. ಗದ್ವಾಲವೆಂದರೆ ಬಸ್ಸಿನಲ್ಲಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಬರುವ ಊರು. ಆದರೆ ಶೇಖರನ ಪರವಾಗಿ ಬಂದ ಉರುಕುಂದಪ್ಪ ಮೊಬೈಲು ತೆರೆದು ಕೂತ.

"ಹೈದರಾಬಾದಿನಿಂದ ದುಬೈ ಎರಡೂವರಿ ಸಾವಿರ ಕಿಲೋಮೀಟರ್ ಐತ್ರಿ ಅಕ್ಕಾರ. ಇಮಾನದಾಗ ನಾಕೇ ತಾಸು. ಮ್ಯಾಲ ಅಲ್ಲಿ ಗಡಿಯಾರ ಒಂದೂವರಿ ತಾಸು ಹಿಂದ. ಹತ್ತಕ್ಕ ಹತ್ತಿದ್ರ ಹನ್ನೆರಡೂವರಿಗೆ ಇಳಿಯೂದು."

"ಹಂಗಾರ ಹಾಲು ಇನ್ನಾ ಹಾಲೇ ಇರ್ತೈತಿ!" ಅಕ್ಕನ ಮುಖ ಅರಳಿತು.

"ಮಕ್ತಲ್‌ದಿಂದ ಹೈದರಾಬಾದ್ ಮುಟ್ಟಾಕ ನಮಗೇನು ರೆಕ್ಕಿ ಅದಾವೇನ್ರಿ?" ನಾನು ರೇಗಿದೆ.

"ಅದು ಇಮಾನದ ಲೆಕ್ಕದಾಗ ಬರಂಗಿಲ್ರಿ," ಎಂದ ಆ ಮಹಾನುಭಾವ.

"ಗದ್ವಾಲಕ್ಕೂ ಗಡಿಗಿ ಒಯ್ದು ನೋಡ್ರಿ," ಎಂದಳು ಮಲ್ಲೇಶ್ವರಿ. ಅವಳ ಮನಸ್ಸು ಮಹೇಂದರನ ಮೇಲಿರುವುದು ನನಗೊಬ್ಬನಿಗೆ ಗೊತ್ತಿತ್ತು. ಮರುದಿನ ಬೆಳಿಗ್ಗೆ ಗಡಿಗೆ ಕೊಡುವಾಗ ಮೆಲ್ಲಗೆ ಹೇಳಿದಳು: "ಮಾವಾ, ನನ್ನ ಬಾಳೇ ನಿಮ್ಮ ಕೈಯಾಗ ಐತಿ."

ಅವಳ ಬಾಳನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಜೊತೆಗೆ ಅಕ್ಕ, ಸಾಕ್ಷಿಗೆ ಉರುಕುಂದಪ್ಪ. ಅರ್ಧ ದಾರಿಯಲ್ಲಿ ಟೈರು ಪಂಕ್ಚರ್. ಹೆಚ್ಚುವರಿ ಇಟ್ಟಿದ್ದ ಟೈರಿನಲ್ಲೂ ಗಾಳಿಯಿಲ್ಲ. ಡ್ರೈವರ್ ಯಾರಿಗೋ ಫೋನ್ ಮಾಡಿ ಬೇವಿನ ಮರದ ಕೆಳಗೆ ಗೊರಕೆ ಹೊಡೆದ. ಬಿಸಿಲು ಏರಿತು, ಹಾಲು ಹೆಪ್ಪುಗಟ್ಟಿ ಮೊಸರಾಯಿತು. ಅಕ್ಕ ಆಗಾಗ ಬಟ್ಟೆ ಸರಿಸಿ ಮೂಸಿ ನೋಡುತ್ತಿದ್ದಳು.

"ದುಬೈ ಆಗಿದ್ರ ಇಷ್ಟೊತ್ತಿಗೆ ಇಳಿದು ಚಾ ಕುಡೀತಿದ್ವಿ," ಎಂದಳು. ನನಗೆ ಅಳು ಬರುವುದೊಂದು ಬಾಕಿ.

ಕೊನೆಗೆ ಟೈರು ಬಂತು. ಹೊತ್ತಾಯಿತೆಂದು ಡ್ರೈವರ್ ಒಂದು ತಗ್ಗನ್ನೂ ಬಿಡದೆ ಬಸ್ಸು ಹಾರಿಸಿದ.

ಮಹೇಂದರನ ಮನೆಯಲ್ಲಿ ಅಕ್ಕ ಗಡಿಗೆಯ ಬಾಯಿ ಬಿಚ್ಚಿದಳು. ಮೊಸರೇ ಇರಲಿಲ್ಲ. ಮಜ್ಜಿಗೆಯ ಮೇಲೆ ಬೆಣ್ಣೆಯ ಮುದ್ದೆ ತೇಲುತ್ತಿತ್ತು.

"ದುಬೈಗಿಂತ ದೂರ!" ಉರುಕುಂದಪ್ಪ ಕುಣಿದ.

ಬೆಣ್ಣೆಯ ಬಗ್ಗೆ ಅಕ್ಕನ ಕಾನೂನಿನಲ್ಲಿ ಏನೂ ಇರಲಿಲ್ಲ. ಬೆರಳಲ್ಲಿ ತೆಗೆದು ರುಚಿ ನೋಡಿದಳು. ಆಮೇಲೆ ಉರುಕುಂದಪ್ಪನನ್ನು ಕೇಳಿದಳು: "ಇಮಾನದಾಗ ಗಡಿಗಿ ಹಿಡಕೊಂಡು ಕುಂದ್ರಾಕ ಬಿಡ್ತಾರೇನಪ್ಪಾ?"

"ಇಲ್ರಿ ಅಕ್ಕಾರ. ಹಾಲು, ಮೊಸರು ಬಾಗಿಲದಾಗ ಕಸಗೋತಾರ."

ಅಕ್ಕನ ಕಣ್ಣು ತುಂಬಿತು. "ಗಡಿಗಿನ ಬಿಡಂಗಿಲ್ಲಂದ್ರ ನನ್ನ ಮಗಳು ಎಷ್ಟು ದೂರ ಹೋದ್ಲಂತ ನಾ ಹೆಂಗ ತಿಳೀಲೋ?"

ಸೆರಗಿನಲ್ಲಿ ಮುಖ ಒರೆಸಿಕೊಂಡು ಬೆಣ್ಣೆಯನ್ನೆಲ್ಲ ಮಹೇಂದರನ ಅಂಗೈಗೆ ಹಾಕಿದಳು.

"ತಿನ್ನಪ್ಪಾ. ನನ್ನ ಮಗಳು ಈ ಮನಿಗೆ ಬಂದ ಮ್ಯಾಲ ವಾರಕ್ಕೊಮ್ಮೆ ಹಾಲು ತರ್ತೀನಿ. ಬೆಣ್ಣಿ ಬಸ್ಸೇ ತೆಗೀತೈತಿ."